ಅಂಗಳದಲ್ಲಿ ಇನ್ನೋವಾ ನಿಂತಿರುವಾಗ

ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಅಂತ ನಾವೇ ನಗಾಡಿಕೊಳ್ಳುತ್ತೇವೆ. ಇಂಥ ಊರಿಗೆ ಬರುವ ಪೋರ್ಷೆ 911 ಅನ್ನುವ ಸ್ಪೋರ್ಟ್ಸ್ ಕಾರಿನಲ್ಲಿ ವೆಟ್ ಮೋಡ್ ಅಂತ ಒಂದು ಸೌಲಭ್ಯ ಇದೆ. ಮುಂದಿನ ಚಕ್ರದ ಗೂಡಿನಲ್ಲಿ ಸಣ್ಣ ಸೆನ್ಸಾರ್‌ಗಳಿರುತ್ತವೆ. ಚಕ್ರ ಎರಚುವ ನೀರಿನ ಸದ್ದು ಕೇಳಿಸಿಕೊಂಡು, ರಸ್ತೆ ಒದ್ದೆಯಾಗಿದೆ ಹುಷಾರು ಅಂತ ಅವು ಎಚ್ಚರಿಸುತ್ತವೆ. ನಮ್ಮ ಕಡೆ ಅವುಗಳಿಗೆ ವರ್ಷದ ಮುಕ್ಕಾಲು ಭಾಗ ರಜೆ. ಧೂಳಿನ ಸದ್ದು ಕೇಳುವ ಸೆನ್ಸಾರ್ ಇದ್ದಿದ್ದರೆ ಕೈತುಂಬ ಕೆಲಸ ಇರುತ್ತಿತ್ತು.

ಈ ಮಾತೆಲ್ಲ ಈಗ ಯಾಕೆ ಅಂದರೆ, ನಮ್ಮ ದೊಡ್ಡಪ್ಪನ ಮಗ ಒಂದು ಎರಡು ಬಾಗಿಲಿನ ಕಾರು ತಗೊಳ್ಳಬೇಕು ಅಂತ ಕೂತಿದ್ದಾನೆ. ಸಿರುಗುಪ್ಪದ ಹತ್ತಿರ ಅವನದು ರೈಸ್ ಮಿಲ್ಲು, ಮನೆ ಬಳ್ಳಾರಿಯ ಗಾಂಧಿನಗರದಲ್ಲಿ. ಐವತ್ತು ದಾಟಿದೆ. ಮಕ್ಕಳು ಓದಲಿಕ್ಕೆ ಹೊರಗೆ ಹೋಗಿದ್ದಾರೆ. ಚಿಕ್ಕಂದಿನಿಂದ ಕಾರಿನ ಹುಚ್ಚು ನನಗೆ, ದುಡ್ಡು ಅವನಿಗೆ. ಹಾಗಾಗಿ ಫೋನ್ ನನಗೇ ಬಂತು. "ತಮ್ಮಾ, ಎರಡು ಗಾಡಿ ನೋಡಿಟ್ಟೀನಿ. ಯಾವುದು ತಗೊಳ್ಳಲಿ ಹೇಳು. ಮೈಲೇಜು ಗೀಲೇಜು ಅಂತ ಶುರು ಮಾಡಬ್ಯಾಡ."

ಎರಡೂ ಸೆಕೆಂಡ್ ಹ್ಯಾಂಡ್. ಒಂದು ಹೈದರಾಬಾದಿನಲ್ಲಿರುವ 911 ಕರೇರಾ ಎಸ್. ಇನ್ನೊಂದು ಬೆಂಗಳೂರಿನಲ್ಲಿರುವ ಆರಾಮಿನ ಕಾರು, ಲೆಕ್ಸಸ್ ಎಲ್‌ಸಿ 500ಎಚ್. ಈ ಜೋಡಿ ಸುಮ್ನೆ ಸಿಕ್ಕಿದ್ದಲ್ಲ. ಈ ಪೋರ್ಷೆ ನಮ್ಮ ದೇಶಕ್ಕೆ ಬಂದದ್ದು 2019ರ ಏಪ್ರಿಲ್‌ನಲ್ಲಿ, ಶೋರೂಮ್ ಬೆಲೆ 1.82 ಕೋಟಿ. ಲೆಕ್ಸಸ್ ಬಂದದ್ದು 2020ರ ಜನವರಿಯಲ್ಲಿ, 1.96 ಕೋಟಿ. ಎರಡೂ ಪೂರ್ತಿ ಆಮದು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ರಸ್ತೆ ತೆರಿಗೆ 18 ಪರ್ಸೆಂಟು, ಅದರ ಮೇಲೆ ಸೆಸ್ ಬೇರೆ. ಹೊಸದಾಗಿ ತಗೊಂಡಿದ್ದರೆ ಪೋರ್ಷೆಯ ತೆರಿಗೆಯೇ 33 ಲಕ್ಷದ ಹತ್ತಿರ ಆಗುತ್ತಿತ್ತು. ಅಣ್ಣ ಹಳೆಯದನ್ನು ಹುಡುಕಿದ್ದು ಜಿಪುಣತನಕ್ಕಲ್ಲ, ಲೆಕ್ಕ ಗೊತ್ತಿದ್ದಕ್ಕೆ.

ಬೆಲೆ ಹೆಚ್ಚುಕಡಿಮೆ ಒಂದೇ ಆದರೂ ಎರಡರ ಜಾತಕ ಬೇರೆ. 911ರ ಎಂಜಿನ್ ಹಿಂದಿನ ಆಕ್ಸಲ್‌ಗೂ ಆಚೆ, ಕಾರಿನ ಬಾಲದಲ್ಲಿ ಕೂತಿದೆ. 3 ಲೀಟರಿನ ಆರು ಸಿಲಿಂಡರು, ಎರಡು ಟರ್ಬೊ, 450 ಕುದುರೆ ಶಕ್ತಿ. ಸೊನ್ನೆಯಿಂದ ನೂರಕ್ಕೆ 3.7 ಸೆಕೆಂಡು. ತೂಕ ಒಂದೂವರೆ ಟನ್. ಭಾರ ಹಿಂದಿನ ಚಕ್ರದ ಮೇಲೆ ಕೂತಿರುವುದರಿಂದ ಆಕ್ಸಿಲರೇಟರ್ ಒತ್ತಿದ ತಕ್ಷಣ ಟೈರು ರಸ್ತೆಯನ್ನು ಕಚ್ಚಿಕೊಳ್ಳುತ್ತದೆ. ಮುಂಭಾಗ ಹಗುರವಾದ್ದರಿಂದ ಸ್ಟೇರಿಂಗ್ ಕೈಗೆ ಎಲ್ಲವನ್ನೂ ಹೇಳುತ್ತದೆ: ಟಾರು ಎಲ್ಲಿ ಒರಟು, ಎಲ್ಲಿ ನುಣುಪು, ಎಲ್ಲಿ ಜಲ್ಲಿ ಎದ್ದಿದೆ ಅಂತ.

ಲೆಕ್ಸಸ್ ಸುಮಾರು ಎರಡು ಟನ್. ಮುಂದೆ 3.5 ಲೀಟರಿನ ವಿ6, ಜೊತೆಗೆ ಎಲೆಕ್ಟ್ರಿಕ್ ಮೋಟಾರು, ಎರಡೂ ಸೇರಿ 354 ಕುದುರೆ ಶಕ್ತಿ. ನೂರಕ್ಕೆ 5 ಸೆಕೆಂಡು. ನಿಧಾನಕ್ಕೆ ಹೋಗುವಾಗ ಎಂಜಿನ್ ಬಂದ್ ಆಗಿ ಮೋಟಾರಿನಲ್ಲೇ ಸಾಗುತ್ತದೆ. ಕೌಲ್ ಬಜಾರಿನ ಜನಜಂಗುಳಿಯಲ್ಲಿ ತೆವಳುವಾಗ ಸದ್ದೇ ಇರುವುದಿಲ್ಲ. ಬಾಗಿಲಿನ ಒಳಮೈಗೆ ಹೊದಿಸಿದ ಬಟ್ಟೆಯನ್ನು ಸೀರೆಯ ನೆರಿಗೆ ಥರ ಮಡಿಚಿದ್ದಾರೆ. ನೋಡಲಿಕ್ಕೆ ನನ್ನ ಕಣ್ಣಿಗೆ ಪೋರ್ಷೆಗಿಂತ ಇದೇ ಚಂದ. ಈ ಮಾತಲ್ಲಿ ರಾಜಿ ಇಲ್ಲ.

ಕುಶನ್ ಮೆತ್ತಗಿದ್ದರೆ ಆರಾಮು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಶೋರೂಮಿನಲ್ಲಿ ಕೂತಾಗಿನ ಆರಾಮು. ರಸ್ತೆಯ ಆರಾಮಿಗೆ ಮೊದಲ ಕಾರಣ ಟೈರಿನ ಗೋಡೆ, ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಎತ್ತರ. ಕರೇರಾ ಎಸ್‌ನ ಮುಂದಿನ ಟೈರು 245/35, ಹಿಂದಿನದು 305/30. ಅಗಲವನ್ನು ಎರಡನೇ ಅಂಕಿಯ ಪರ್ಸೆಂಟಿನಿಂದ ಗುಣಿಸಿ ನೋಡಿ. ಮುಂದೆ ಎಂಟೂವರೆ ಸೆಂಟಿಮೀಟರು, ಹಿಂದೆ ಒಂಬತ್ತು. ಲೆಕ್ಸಸ್‌ನದು ಅದಕ್ಕಿಂತ ಬಹಳ ಎತ್ತರವೇನಲ್ಲ. ಅಣ್ಣನ ಇನ್ನೋವಾ ಕ್ರಿಸ್ಟಾದ ಟೈರು 205/65. ಅದರ ಗೋಡೆ ಹದಿಮೂರು ಸೆಂಟಿಮೀಟರಿಗಿಂತ ಜಾಸ್ತಿ. ತೋರಣಗಲ್ಲಿನ ಹತ್ತಿರ ಅದಿರು ಲಾರಿಗಳು ಮಾಡಿಟ್ಟ ಗುಂಡಿಗೆ ಇಳಿದಾಗ ನಿಮ್ಮ ಸೊಂಟವನ್ನೂ ರಿಮ್ಮನ್ನೂ ಕಾಪಾಡುವುದು ಈ ರಬ್ಬರೇ. ಎರಡು ಕೋಟಿಯ ಎರಡೂ ಕಾರುಗಳು ಈ ವಿಷಯದಲ್ಲಿ ಇನ್ನೋವಾದ ಮುಂದೆ ತಲೆ ತಗ್ಗಿಸಬೇಕು.

ಲೆಕ್ಸಸ್ ಮೆತ್ತಗೆ ಅನಿಸಲು ಬೇರೆ ಕಾರಣಗಳಿವೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಅದರಲ್ಲಿ 2.87 ಮೀಟರು. ಪೋರ್ಷೆಯಲ್ಲಿ 2.45. ಅಂತರ ಜಾಸ್ತಿ ಇದ್ದಷ್ಟು ಕಾರು ಮುಂದಕ್ಕೂ ಹಿಂದಕ್ಕೂ ತೂಗಾಡುವುದು ಕಡಿಮೆ. ಮೈಭಾರವೂ ಇಲ್ಲಿ ಅನುಕೂಲಕ್ಕೆ ಬರುತ್ತದೆ. ಹಗುರ ಕಾರನ್ನು ಎತ್ತಿ ಕುಕ್ಕುವ ಏಟು ಭಾರದ ಕಾರನ್ನು ಅಷ್ಟು ಅಲುಗಿಸುವುದಿಲ್ಲ. ಆದರೆ ಆ ಭಾರವೇ ತಿರುವಿನಲ್ಲಿ ಸಾಲ ವಸೂಲಿಗೆ ಬರುತ್ತದೆ. ಬ್ರೇಕಿಗೂ ಟೈರಿಗೂ ಅರ್ಧ ಟನ್ ಜಾಸ್ತಿ ಕೆಲಸ.

ಇನ್ನು ನಮ್ಮ ಉಬ್ಬುಗಳ ಕಥೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಸ್ಪೀಡ್ ಬ್ರೇಕರ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಆ ಅಳತೆಯ ಉಬ್ಬನ್ನು 25ರ ವೇಗದಲ್ಲಿ ಯಾವ ಕಾರಾದರೂ ದಾಟುತ್ತದೆ. ನಮ್ಮ ಹಳ್ಳಿಗಳ ಮುಂದಿನ ಉಬ್ಬುಗಳನ್ನು ಯಾವ ಎಂಜಿನಿಯರೂ ಹಾಕಿದ್ದಲ್ಲ. ಅಪಘಾತ ಆದ ಮರುದಿನ ಊರವರು ಸಿಟ್ಟಿನಿಂದ ಹಾಕಿದ್ದು. ಅಗಲ ಅರ್ಧ ಮೀಟರು, ಎತ್ತರ ಸಿಟ್ಟು ಎಷ್ಟಿತ್ತೋ ಅಷ್ಟು.

ಅದಕ್ಕಿಂತ ಮುಖ್ಯವಾದದ್ದು ಮಿಲ್ಲಿನ ಗೇಟು. ಹೈವೇಗೆ ಪದೇ ಪದೇ ಟಾರು ಹಾಕಿ ಹಾಕಿ ರಸ್ತೆ ಮೇಲೇರಿದೆ, ಮಿಲ್ಲಿನ ಅಂಗಳ ಇದ್ದಲ್ಲೇ ಇದೆ. ನಡುವೆ ಚಿಕ್ಕದೊಂದು ಕಾಂಕ್ರೀಟ್ ರ‍್ಯಾಂಪು. ಲಾರಿಗೆ ಅದು ಲೆಕ್ಕಕ್ಕಿಲ್ಲ. ನೆಲ ಮುಟ್ಟಿಕೊಂಡು ಹೋಗುವ ಕಾರಿಗೆ ಅದೇ ಪರೀಕ್ಷೆ. ನಾವಿಬ್ಬರೂ ಟೇಪು ತಗೊಂಡು ಕೂತೆವು. ಎರಡು ಇಟ್ಟಿಗೆ, ನಡುವೆ ಬಿಗಿಯಾಗಿ ಎಳೆದ ಚೀಲ ಹೊಲಿಯುವ ದಾರ. ಇಟ್ಟಿಗೆಗಳ ಅಂತರ ಕಾರಿನ ಚಕ್ರಗಳ ಅಂತರದಷ್ಟು. ದಾರದ ಎತ್ತರ ಕಾರಿನ ಹೊಟ್ಟೆಯ ಎತ್ತರದಷ್ಟು, ಪೋರ್ಷೆಗಾದರೆ ಸುಮಾರು 12 ಸೆಂಟಿಮೀಟರು. ರ‍್ಯಾಂಪಿನ ನೆತ್ತಿ ಇಟ್ಟಿಗೆಗಳ ನಡುವೆ ಬರುವ ಹಾಗೆ ಇಡಬೇಕು. ಕಾಂಕ್ರೀಟು ದಾರಕ್ಕೆ ತಾಗಿದರೆ ಕಾರಿನ ಹೊಟ್ಟೆಗೂ ತಾಗುತ್ತದೆ ಅಂತ ಅರ್ಥ.

ಹಮಾಲಿಯೊಬ್ಬ ತಲೆ ಮೇಲಿನ ಚೀಲ ಇಳಿಸಿ ನಿಂತ. "ಸಾವ್ಕಾರ್ರೇ, ಗ್ವಾಡಿ ಕಟ್ಟಸ್ತೀರೇನ್ರೀ?"

ಪೋರ್ಷೆಯ ದಾರ ತಾಗಿತು. ಲೆಕ್ಸಸ್‌ನ ದಾರವೂ ತಾಗಿತು. ಲೆಕ್ಸಸ್‌ನ ಹೊಟ್ಟೆ ಸ್ವಲ್ಪ ಎತ್ತರ, ಆದರೆ ಅದರ ಉದ್ದ ಆ ಲಾಭವನ್ನು ನುಂಗಿಹಾಕಿತು. ಆರಾಮಿನ ಕಾರು ಸುಲಭವಾಗಿ ದಾಟುತ್ತದೆ ಅಂತ ಅಣ್ಣ ನಂಬಿಕೊಂಡಿದ್ದ. ಮೂತಿಯ ವಿಷಯಕ್ಕೆ ಬಂದರೆ ಪೋರ್ಷೆಯದೇ ಮೇಲುಗೈ. ಹೈದರಾಬಾದಿನ ಆ ಕಾರಿಗೆ ಮುಂಭಾಗ ಎತ್ತುವ ಲಿಫ್ಟ್ ಹಾಕಿಸಿದ್ದಾರೆ. ಗುಂಡಿ ಒತ್ತಿದರೆ ಮೂತಿ ಸುಮಾರು ನಾಲ್ಕು ಸೆಂಟಿಮೀಟರ್ ಮೇಲೇಳುತ್ತದೆ. ಲೆಕ್ಸಸ್‌ಗೆ ಅದು ಇಲ್ಲ. 911 ನೋಡುವವರು ಈ ಲಿಫ್ಟ್ ಇದೆಯಾ ಅಂತ ಮೊದಲು ಕೇಳಿ, ಆಮೇಲೆ ಬಣ್ಣ ನೋಡಿ. ಎಲ್ಲ ಕಾರಿಗೂ ಇರುವುದಿಲ್ಲ, ಹೊಸದಾಗಿ ಬುಕ್ ಮಾಡುವಾಗಲೇ ಹೇಳಿ ಹಾಕಿಸಬೇಕಾದದ್ದು ಅದು.

ಟೆಸ್ಟ್ ಡ್ರೈವ್ ಬಗ್ಗೆ ನನಗೊಂದು ತಕರಾರಿದೆ. ಹೈದರಾಬಾದಿನವರು ಪೋರ್ಷೆಯನ್ನು ಔಟರ್ ರಿಂಗ್ ರೋಡಿನಲ್ಲಿ ಕೊಟ್ಟರು. 158 ಕಿಲೋಮೀಟರಿನ, ಎಂಟು ಲೇನಿನ ರಸ್ತೆ. ಬೆಂಗಳೂರಿನವರು ಲೆಕ್ಸಸ್ಸನ್ನು ದೇವನಹಳ್ಳಿ ಏರ್‌ಪೋರ್ಟ್ ರಸ್ತೆಯಲ್ಲಿ ಕೊಟ್ಟರು. ಇಂಥ ರಸ್ತೆಯಲ್ಲಿ ಎತ್ತಿನ ಗಾಡಿಯೂ ಚೆನ್ನಾಗಿಯೇ ಓಡುತ್ತದೆ ಬಿಡಿ. ನಾನು ಎರಡೂ ಕಡೆ ಹಟ ಮಾಡಿ ಸರ್ವಿಸ್ ರೋಡಿಗೆ ಇಳಿಸಿದೆ. ಕಿತ್ತುಹೋದ ಟಾರು, ಅಲ್ಲಲ್ಲಿ ಎದ್ದ ಚೇಂಬರ್ ಮುಚ್ಚಳ, ನಮ್ಮೂರಿನ ನೆನಪು ತರುವ ಎಲ್ಲವೂ ಅಲ್ಲಿತ್ತು. ಪೋರ್ಷೆ ಪ್ರತಿ ಏಟನ್ನೂ ಹೇಳಿತು, ಆದರೆ ಒಂದೇ ಸಲ ಹೇಳಿ ಸುಮ್ಮನಾಯಿತು. ಲೆಕ್ಸಸ್ ಸಣ್ಣಪುಟ್ಟದ್ದನ್ನೆಲ್ಲ ತಾನೇ ನುಂಗಿಕೊಂಡಿತು, ದೊಡ್ಡ ಗುಂಡಿಗೆ ಮಾತ್ರ ಧಡ್ ಅಂತ ಇಡೀ ಮೈ ನಡುಗಿಸಿತು. ಅಣ್ಣನ ಮುಖ ನೋಡುತ್ತಿದ್ದೆ. ಲೆಕ್ಸಸ್‌ನಲ್ಲಿ ಅವನು ಮಾತಾಡಿದ: ಭತ್ತದ ರೇಟು, ಮಗಳ ಫೀಸು. ಪೋರ್ಷೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ. ಇಳಿದ ಮೇಲೆ "ಇನ್ನೊಂದು ರೌಂಡ್ ಹೋಗಿ ಬರೋಣು" ಅಂದ.

ಇಬ್ಬರೂ ಸಿರುಗುಪ್ಪಕ್ಕೆ ಬಂದು ದಾರಿಯ ಲೆಕ್ಕ ಹಾಕಿದೆವು. ಮನೆಯಿಂದ ಮಿಲ್ಲಿಗೆ ತೆಕ್ಕಲಕೋಟೆ ಮೇಲಿನ ರಸ್ತೆ. ಸುಗ್ಗಿಯಲ್ಲಿ ಭತ್ತದ ಟ್ರ್ಯಾಕ್ಟರು, ಹತ್ತಿ ತುಂಬಿ ರಸ್ತೆಯ ಅಗಲಕ್ಕೂ ಉಬ್ಬಿಕೊಂಡ ಲಾರಿ, ಟಾರಿನ ಮೇಲೆ ಒಣಗಲು ಹರವಿದ ರಾಶಿ. ಅಲ್ಲಿ ಎರಡೂ ಕಾರು ಅರವತ್ತರಲ್ಲೇ ಹೋಗಬೇಕು. ಬೆಂಗಳೂರಿಗಾದರೆ ಚಳ್ಳಕೆರೆ, ಹಿರಿಯೂರು ದಾಟಿ ದೊಡ್ಡ ಹೈವೇ. ಕರ್ನಾಟಕ ಪೊಲೀಸರು 2024ರ ಆಗಸ್ಟ್‌ನಿಂದ 130 ಮೀರಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಹೇಳಿದ್ದಾರೆ. ಪೋರ್ಷೆಯ 308ರ ಟಾಪ್ ಸ್ಪೀಡು ಪೇಪರಿನ ಮೇಲೇ ಇರಲಿ. ಅದರ ಶಕ್ತಿ ನಿಜಕ್ಕೂ ಉಪಯೋಗಕ್ಕೆ ಬರುವುದು ಎರಡು ಲೇನಿನ ರಸ್ತೆಯಲ್ಲಿ ಲಾರಿ ದಾಟುವಾಗ. ಎದುರಿನ ಲೇನಿನಲ್ಲಿ ಇರುವ ಹೊತ್ತು ಕಡಿಮೆಯಾಗುತ್ತದೆ, ಅಷ್ಟೇ. ಅದೇನು ಸಣ್ಣ ಮಾತಲ್ಲ.

ಇಲ್ಲಿವರೆಗೆ ನನ್ನ ಮನಸ್ಸು ಲೆಕ್ಸಸ್ ಕಡೆಗೇ ಇತ್ತು. ಸ್ಪೋರ್ಟ್ಸ್ ಕಾರಿಗೆ ತಕ್ಕ ರಸ್ತೆ ಇಲ್ಲದ ಊರಿಗೆ ಅದು ಯಾಕೆ? ಪ್ರತಿ ಕಿಲೋಮೀಟರಿಗೂ ಏನಾದರೊಂದು ಸುಖ ಕೊಡುವ ಕೂಪೆ, ಅಂದರೆ ಲೆಕ್ಸಸ್ ಥರದ ಎರಡು ಬಾಗಿಲಿನ ಕಾರೇ ಸರಿ ಅಲ್ವಾ? ಆಗ ಅತ್ತಿಗೆ ಅಡುಗೆಮನೆಯಿಂದ ಒಗ್ಗರಣೆ ಮಿರ್ಚಿಯ ತಟ್ಟೆ ತಂದಿಟ್ಟು ಹೇಳಿದರು: "ಯಾವುದರ ತಗೊಳ್ರಪ್ಪ. ತಿರುಪತಿಗೆ, ಬೆಂಗಳೂರಿಗೆ ಹೋಗೋದು ಮಾತ್ರ ಇನ್ನೋವಾದಾಗ."

ಎಲ್ಲ ಲೆಕ್ಕವೂ ಆ ಒಂದು ಮಾತಿನಲ್ಲಿ ತಿರುಗಿತು. ಅವರು ಹೇಳಿದ್ದು ನಿಜ. ಬೆಂಗಳೂರಿಗೆ ಹೊರಟರೆ ಅಣ್ಣನ ಜೊತೆ ಅತ್ತಿಗೆ, ಮಗಳಿಗೆ ರೊಟ್ಟಿ ಶೇಂಗಾ ಚಟ್ನಿಯ ಡಬ್ಬಿ, ಒಂದು ಅಕ್ಕಿ ಚೀಲ, ದಾರಿಯಲ್ಲಿ ಹತ್ತುವ ಒಬ್ಬ ನೆಂಟ. ಲೆಕ್ಸಸ್‌ನ ಡಿಕ್ಕಿ 172 ಲೀಟರು. ಹೈಬ್ರಿಡ್ ಬ್ಯಾಟರಿಗೆ ಜಾಗ ಬಿಟ್ಟು ಉಳಿದದ್ದು ಅದು. ಪೋರ್ಷೆಯ ಮುಂದಿನ ಡಿಕ್ಕಿ 132. ಹಿಂದಿನ ಸೀಟು ಎರಡರಲ್ಲೂ ಹೆಸರಿಗೆ ಮಾತ್ರ. ದೊಡ್ಡವರು ಕೂತರೆ ಮೊಣಕಾಲು ಗದ್ದಕ್ಕೆ. ಅಂದಮೇಲೆ ದೂರದ ಪ್ರಯಾಣ ಇನ್ನೋವಾದ ಪಾಲು. ಆರಾಮ ಕೂಪೆಯನ್ನು ಮಾಡಿರುವುದೇ ದೂರದ ಪ್ರಯಾಣಕ್ಕೆ. ಅದರ ಕೆಲಸವನ್ನು ಅಂಗಳದಲ್ಲಿ ನಿಂತ ಇನ್ನೋವಾ ಆಗಲೇ ಕಿತ್ತುಕೊಂಡಿದೆ. ಎಲ್‌ಸಿಗೆ ಈ ಮನೆಯಲ್ಲಿ ಎದುರಾಳಿ ಪೋರ್ಷೆ ಅಲ್ಲ. ಬಿದರಿ ಬಣ್ಣದ, ಬಾಗಿಲಿಗೆ ಸ್ಕ್ರ್ಯಾಚ್ ಬಿದ್ದ ಆ ಇನ್ನೋವಾ. ಪೋರ್ಷೆ ಮಾಡುವ ಕೆಲಸವನ್ನು ಮಾತ್ರ ಇನ್ನೋವಾ ಜನ್ಮದಲ್ಲಿ ಮಾಡಲಾರದು.

ಆ ಕೆಲಸ ಏನು ಅಂತ ಕೇಳಬಹುದು. ಭಾನುವಾರ ಬೆಳಿಗ್ಗೆ ಅದಿರು ಲಾರಿಗಳು ಏಳುವ ಮುಂಚೆ ಸಂಡೂರಿನಿಂದ ಕುಮಾರಸ್ವಾಮಿ ಗುಡಿ ಕಡೆಗೆ ಬೆಟ್ಟ ಹತ್ತುವ ದಾರಿ. ಮಳೆ ಬಿದ್ದ ಮೇಲೆ ಆ ಗುಡ್ಡಗಳು ಬಳ್ಳಾರಿಯವೇ ಅಲ್ಲ ಅನ್ನುವಷ್ಟು ಹಸಿರು. ಅಲ್ಲಿನ ತಿರುವಿನಲ್ಲಿ ನಲವತ್ತರ ವೇಗದಲ್ಲೂ ಪೋರ್ಷೆಯ ಸ್ಟೇರಿಂಗು ಮಾತಾಡುತ್ತದೆ. ವೇಗ ಬೇಕಾಗಿಲ್ಲ. ಗಮನ ಬೇಕು, ಅಷ್ಟೇ. ಮಿಲ್ಲು, ಬ್ಯಾಂಕು, ಲೇಬರ್ರು ಅಂತ ದಿನವಿಡೀ ಹತ್ತು ಕಡೆ ಹರಿದು ಹೋಗುವ ಮನುಷ್ಯನಿಗೆ ಒಂದೂವರೆ ತಾಸು ಒಂದೇ ಕಡೆ ಗಮನ ಇಡುವುದೇ ವಿಶ್ರಾಂತಿ. ಟೆಸ್ಟ್ ಡ್ರೈವಿನಲ್ಲಿ ಅಣ್ಣ ಬಾಯಿ ಮುಚ್ಚಿಕೊಂಡದ್ದು ಇದಕ್ಕೇ ಅಂತ ನನ್ನ ಅಂದಾಜು. ಆರಾಮಿನ ಕಾರಿನಲ್ಲಿ ಅವನ ಚಿಂತೆಗಳೂ ಆರಾಮವಾಗಿ ಕೂತು ಜೊತೆಗೆ ಬಂದವು.

ಸೊಂಟದ ಪ್ರಶ್ನೆ ದೊಡ್ಡಮ್ಮನದು. "ಅಷ್ಟು ತಗ್ಗಿನಾಗ ಕುಂತು ಎದ್ದೇಳ್ತಾನೇನು ಇವನು?" ತಗ್ಗಿನಲ್ಲಿರುವುದು ಎರಡೂ. ಎರಡರಿಂದಲೂ ಇಳಿಯುವಾಗ ಅಣ್ಣ ಒಂದು ಸಲ "ಶಿವಾ" ಅಂದ. ಆದರೆ ಸೊಂಟಕ್ಕೆ ಒಳ್ಳೆಯದು ಮೆತ್ತನೆಯ ಸೀಟಲ್ಲ, ಬೆನ್ನನ್ನು ಬಿಗಿಯಾಗಿ ಹಿಡಿಯುವ ಸೀಟು. ಆ ಲೆಕ್ಕದಲ್ಲಿ ಪೋರ್ಷೆಗೆ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಬಾಗಿಲಿಗೆ. ಎರಡು ಬಾಗಿಲಿನ ಕಾರುಗಳ ಬಾಗಿಲು ಉದ್ದ. ನಮ್ಮೂರಿನ ಬೆಂಗಳೂರು ರಸ್ತೆಯ ಅಂಗಡಿಗಳ ಮುಂದೆ ಬೈಕುಗಳ ನಡುವೆ ನಿಲ್ಲಿಸಿದರೆ ಪೂರ್ತಿ ತೆಗೆಯಲಿಕ್ಕೆ ಆಗುವುದಿಲ್ಲ.

ದೊಡ್ಡಪ್ಪನ ಪ್ರಶ್ನೆ ಬೇರೆ. "ಮಂದಿ ಏನಂತಾರ?" ಇದು ಬಳ್ಳಾರಿಯಲ್ಲಿ ಸುಮ್ನೆ ಕೇಳುವ ಪ್ರಶ್ನೆಯಲ್ಲ. ಅದಿರಿಗೆ ಬಂಗಾರದ ಬೆಲೆ ಬಂದಿದ್ದ ವರ್ಷಗಳಲ್ಲಿ ಈ ಊರಿನ ರಸ್ತೆಗಳಲ್ಲಿ ಎಂಥೆಂಥ ಕಾರು ಓಡಾಡಿದವು ಅಂತ ಎಲ್ಲರಿಗೂ ನೆನಪಿದೆ. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಎಷ್ಟೋ ಕಾರುಗಳು ಕವರಿನೊಳಗೆ ಹೋದವು. ಅಂದಿನಿಂದ ಇಲ್ಲಿ ದುಬಾರಿ ಕಾರು ಕಂಡರೆ ಜನ ಮೊದಲು ಕಾರು ನೋಡುವುದಿಲ್ಲ, ಯಾರದು, ದುಡ್ಡು ಎಲ್ಲಿಂದ ಅಂತ ಕೇಳುತ್ತಾರೆ. ಈ ಒಂದು ವಿಷಯದಲ್ಲಿ ಲೆಕ್ಸಸ್ ಗೆಲ್ಲುತ್ತದೆ. ಅದರ ಗುರುತು ಇಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರು "ಟೊಯೋಟಾದವರದೇ ಅಲ್ವಾ, ಬಿಡದಿಯಲ್ಲಿ ಮಾಡ್ತಾರಲ್ಲ" ಅನ್ನುತ್ತಾರೆ. ಬಿಡದಿಯಲ್ಲಿ ಜೋಡಿಸುವುದು ಲೆಕ್ಸಸ್ ಇಎಸ್, ಎಲ್‌ಸಿ ಅಲ್ಲ. ಆದರೂ ಆ ತಪ್ಪು ತಿಳಿವಳಿಕೆ ದೊಡ್ಡಪ್ಪನಿಗೆ ಅನುಕೂಲವೇ. ಪೋರ್ಷೆ ಮಾತ್ರ ಅಡಗಿಕೊಳ್ಳುವುದಿಲ್ಲ. ಮೋತಿ ಸರ್ಕಲ್‌ನಲ್ಲಿ ಸಿಗ್ನಲ್ ಬಿದ್ದರೆ ಬೈಕಿನ ಹುಡುಗರ ಮೊಬೈಲು ಹೊರಬರುತ್ತದೆ.

ನಾನು ದೊಡ್ಡಪ್ಪನಿಗೆ ಹೇಳಿದ್ದು ಇಷ್ಟು: ಅಕ್ಕಿ ಮಾರಿದ ದುಡ್ಡಿಗೆ ಬಿಲ್ ಇದೆ, ಮಂದಿ ಕೇಳಿದರೆ ಕೇಳಲಿ. ಅವರಿಗೆ ಸಮಾಧಾನ ಆಗಲಿಲ್ಲ. ಆಗಬೇಕು ಅಂತಲೂ ಇಲ್ಲ.

ಉಳಿದದ್ದು ಚಿಲ್ಲರೆ ವಿಷಯ, ಆದರೆ ದುಡ್ಡು ಹೋಗುವುದು ಅಲ್ಲೇ. ಎರಡರಲ್ಲೂ ಸ್ಟೆಪ್ನಿ ಇಲ್ಲ. ಪೋರ್ಷೆಯಲ್ಲಿ ಸೀಲೆಂಟ್ ಬಾಟಲಿ, ಗಾಳಿ ತುಂಬುವ ಕಂಪ್ರೆಸರ್ ಇರುತ್ತದೆ. ಮೊಳೆ ಚುಚ್ಚಿದರೆ ಸರಿ, ಟೈರಿನ ಗೋಡೆ ಹರಿದರೆ ಚಳ್ಳಕೆರೆಯ ಬಯಲಿನಲ್ಲಿ ಟೋಯಿಂಗ್ ಲಾರಿ ಕಾಯಬೇಕು. ಹಳೆ ಕಾರು ನೋಡುವಾಗ ಟೈರಿನ ಮೇಲಿನ ನಾಲ್ಕಂಕಿ ಓದಿ. ಮೊದಲ ಎರಡು ಅಂಕಿ ಟೈರು ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಓಡಿಸದೆ ನಿಲ್ಲಿಸಿದ ಕಾರಿನಲ್ಲಿ ಟೈರಿನ ಗೀರು ಸವೆಯದೆ ಪೂರ್ತಿ ಇರುತ್ತದೆ, ರಬ್ಬರು ಮಾತ್ರ ಗಟ್ಟಿಯಾಗಿರುತ್ತದೆ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲು, ಹಾಗಾಗಿ ಅದು ಆ ಕಾರಿಗೆ ಆಗುತ್ತದಾ ಅಂತ ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿದ ಚೀಟಿ ಓದದೆ ಅಡ್ವಾನ್ಸ್ ಕೊಡಬೇಡಿ. ಸಂಡೂರಿನ ಕಡೆ ಓಡಿಸುವವರು ಏರ್ ಫಿಲ್ಟರನ್ನು ಕಂಪನಿ ಹೇಳಿದ್ದಕ್ಕಿಂತ ಮುಂಚೆಯೇ ತೆಗೆದು ನೋಡಲಿ. ಬಿಳಿ ಬಣ್ಣ ಬೇಡ, ಅಲ್ಲಿಂದ ಬರುವಷ್ಟರಲ್ಲಿ ಕುಂಕುಮ ಎರಚಿದ ಹಾಗೆ ಕಾಣುತ್ತದೆ.

ಅಣ್ಣ 911ಗೆ ಅಡ್ವಾನ್ಸ್ ಕೊಟ್ಟಾಯಿತು. ತೆಲಂಗಾಣದಿಂದ ಎನ್‌ಒಸಿ ಬರಬೇಕು, ಇಲ್ಲಿ ತೆರಿಗೆ ಕಟ್ಟಿ ಬಳ್ಳಾರಿಯ ಕೆಎ-34 ನಂಬರ್ ಹಾಕಿಸಬೇಕು. ಬೇರೆ ರಾಜ್ಯದ ನಂಬರಿನಲ್ಲೇ ವರ್ಷಗಟ್ಟಲೆ ಓಡಿಸುವವರು ಇದ್ದಾರೆ, ದೊಡ್ಡಪ್ಪನ ಮನೆಯಲ್ಲಿ ಅದು ನಡೆಯುವುದಿಲ್ಲ. ರ‍್ಯಾಂಪು ಒಡೆದು ಉದ್ದ ಮಾಡಿ ಹಾಕಲು ಮೇಸ್ತ್ರಿಗೆ ಹೇಳಿದ್ದಾರೆ.

ಲೆಕ್ಸಸ್ ಇನ್ನೂ ಬೆಂಗಳೂರಿನಲ್ಲೇ ಇದೆ. ಬಳ್ಳಾರಿಯಿಂದ ವಾರ ವಾರ ಒಬ್ಬರೇ ಬೆಂಗಳೂರಿಗೆ ಹೋಗಿ ಬರುವವರು, ಮನೆಯಲ್ಲಿ ಇನ್ನೋವಾ ಇಲ್ಲದವರು ಯಾರಾದರೂ ಇದ್ದರೆ ನನಗೆ ತಿಳಿಸಿ. ಅವರಿಗೆ ಅದಕ್ಕಿಂತ ಒಳ್ಳೆ ಕಾರು ನಾನು ಹೇಳಲಾರೆ. ಆದರೆ ಇನ್ನೋವಾ ಇಲ್ಲದ ಶ್ರೀಮಂತರು ನಮ್ಮ ಜಿಲ್ಲೆಯಲ್ಲಿ ಎಲ್ಲಿದ್ದಾರೆ, ಅದೇ ತೊಂದರೆ.